ಬಡಿಗೇರ ಅಜ್ಜ ದುಡಿದ ದಾರಿ: ಅನಮೋಡದಿಂದ ಪಾನಶೇತ್‌ವರೆಗೆ

ಮೊದಲ ದಿನ: ಧಾರವಾಡದಿಂದ ಫೋಂಡಾ

ಅಜ್ಜ ತೀರಿಕೊಂಡಿದ್ದು ಹೋದ ವರ್ಷ, ತೊಂಬತ್ತು ತುಂಬಿದ ಮೇಲೆ. ಹುಟ್ಟಿದ್ದು 1934ರಲ್ಲಿ, ಬೈಲಹೊಂಗಲ ಕಡೆಯ ಒಂದು ಹಳ್ಳಿಯ ಬಡಿಗೇರ ಮನೆಯಲ್ಲಿ. ಹತ್ತೊಂಬತ್ತನೇ ವಯಸ್ಸಿಗೆ ಪುಣೆಯ ಖಡಕಿಗೆ ಹೋಗಿ ಸೈನ್ಯದ ಇಂಜಿನಿಯರ್ ಪಡೆಯಾದ ಬಾಂಬೆ ಸ್ಯಾಪರ್ಸ್ ಸೇರಿದರು. ಅಲ್ಲೂ ಸಿಕ್ಕಿದ್ದು ಬಡಗಿ ಕೆಲಸವೇ. ಇಪ್ಪತ್ತೆರಡು ವರ್ಷ ಸೈನ್ಯ, ಆಮೇಲೆ ಪುಣೆಯಲ್ಲೇ ಮೂವತ್ತು ಚಿಲ್ಲರೆ ವರ್ಷ ಸ್ವಂತ ಅಂಗಡಿ, ಕೊನೆಗೆ ಧಾರವಾಡದಲ್ಲಿ ನಮ್ಮ ಜೊತೆ. ಅಜ್ಜನ ವರ್ಷಾಂತಕ್ಕೆ, ಅಂದರೆ ಮೊದಲ ವರ್ಷದ ತಿಥಿಗೆ, ಮೊದಲು ಅವರು ದುಡಿದ ಜಾಗಗಳನ್ನು ಒಮ್ಮೆ ನೋಡಿ ಬರೋಣ ಅಂತ ಅಪ್ಪ ಹೇಳುತ್ತಲೇ ಇದ್ದರು. ಡಿಸೆಂಬರಿನಲ್ಲಿ ರಜೆ ಸಿಕ್ಕಿತು. ಅಪ್ಪ, ಅವ್ವ, ನಾನು ಕಾರಿನಲ್ಲಿ ಹೊರಟೆವು.

ದಾರಿ ತೋರಿಸಲು ನಮ್ಮ ಹತ್ತಿರ ಇದ್ದದ್ದು ಅಜ್ಜನ ಅಳತೆ ಪುಸ್ತಕ. ಕೆಂಪು ಬಟ್ಟೆಯ ರಟ್ಟು, ಒಳಗೆಲ್ಲ ಪೆನ್ಸಿಲ್ ಬರಹ, ಕನ್ನಡದಲ್ಲಿ. ಯಾರ ಮನೆ, ಯಾವ ಬಾಗಿಲು, ಎಷ್ಟು ಅಡಿ ಎಷ್ಟು ಇಂಚು, ಯಾವ ಕಟ್ಟಿಗೆ. ಮೊದಲ ಎರಡು ಪುಟದಲ್ಲಿ ಮಾತ್ರ ಸೈನ್ಯದಲ್ಲಿದ್ದಾಗಿನ ಊರುಗಳ ಹೆಸರು. ಅದರ ಮುಂದೆಯೂ ಅಳತೆಯೇ! ಅಜ್ಜ ಯುದ್ಧದ ಬಗ್ಗೆ ಮಾತಾಡಿದರೆ ಹಾಗೇ. ಬಂದೂಕಿನ ಸುದ್ದಿ ಬರುತ್ತಲೇ ಇರಲಿಲ್ಲ. ಹಲಗೆ ಎಷ್ಟು ದಪ್ಪ ಇತ್ತು, ನೀರು ಎಷ್ಟು ಆಳ ಇತ್ತು, ಮೊಳೆ ಸಾಕಾಯಿತಾ ಇಲ್ಲವಾ, ಇದೇ ಅವರ ಯುದ್ಧದ ಕಥೆ.

ಅಳ್ನಾವರ ದಾಟುವವರೆಗೂ ಮಂಜು ಇತ್ತು. ರಾಮನಗರದಲ್ಲಿ ನಮ್ಮ ರಸ್ತೆಗೆ ಬೆಳಗಾವಿ ರಸ್ತೆ ಬಂದು ಸೇರುತ್ತದೆ. ಅಲ್ಲಿ ಕಾರು ನಿಲ್ಲಿಸಿ ಚಹಾ ಕುಡಿದೆವು. 1961ರ ಡಿಸೆಂಬರಿನಲ್ಲಿ ಅಜ್ಜನ ಲಾರಿ ಬಂದದ್ದು ಬೆಳಗಾವಿ ಕಡೆಯಿಂದ. ಗೋವಾ ಬಿಡಿಸಿಕೊಳ್ಳಲು ಹೊರಟ 17ನೇ ಡಿವಿಷನ್ ಬೆಳಗಾವಿಯಲ್ಲಿ ಬೀಡು ಬಿಟ್ಟಿತ್ತು. ಅದರ ಒಂದು ಬ್ರಿಗೇಡ್, 63ನೆಯದು, ಇದೇ ಅನಮೋಡ ಘಟ್ಟ ಇಳಿದು ಗೋವಾ ಒಳಗೆ ಹೋಯಿತು. ಅಜ್ಜ ಇದ್ದದ್ದು ಅದರ ಬೆನ್ನಿಗೆ ಬಂದ ಒಂದು ಇಂಜಿನಿಯರ್ ತುಕಡಿಯಲ್ಲಿ. ಆಗ ಅವರಿಗೆ ಇಪ್ಪತ್ತೇಳು. ಮನೆಯಲ್ಲಿ ಒಂದು ವರ್ಷದ ಮಗಳು, ನಮ್ಮ ದೊಡ್ಡ ಅತ್ತೆ.

ಅನಮೋಡ ಘಟ್ಟ ಚಳಿಗಾಲದಲ್ಲಿ ಚೆಂದ. ಎರಡೂ ಕಡೆ ದಟ್ಟ ಕಾಡು, ತಿರುವಿನಲ್ಲಿ ಒಮ್ಮೊಮ್ಮೆ ಮಂಗಗಳ ಹಿಂಡು. ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಗುವುದುಂಟು, ಆಗ ವಿಚಾರಿಸಿಕೊಂಡೇ ಹೊರಡಬೇಕು. ದೊಡ್ಡ ಲಾರಿಗಳ ಹಿಂದೆ ಸಿಕ್ಕಿಬಿದ್ದರೆ ಇಳಿಯೋದು ತುಂಬ ನಿಧಾನ, ಹಾಗಾಗಿ ಬೆಳಿಗ್ಗೆ ಬೇಗ ಇಳಿದುಬಿಡೋದು ವಾಸಿ. ಅಪ್ಪ ಕಿಟಕಿ ಇಳಿಸಿ ಕೂತಿದ್ದರು. ಈ ರಸ್ತೆಯಲ್ಲಿ ಹೆಡ್‌ಲೈಟ್ ಹಾಕದೆ ರಾತ್ರಿ ಲಾರಿ ಇಳಿಸಿದ್ದರಂತೆ. ಅಜ್ಜ ಹಿಂದೆ ಕೂತು ಹಲಗೆಗಳು ಜಾರದಂತೆ ಹಗ್ಗ ಹಿಡಿದುಕೊಂಡಿದ್ದರಂತೆ. ಮನೆಯಲ್ಲಿ ಎಷ್ಟೋ ಸಲ ಕೇಳಿದ ಮಾತು. ಆದರೆ ಆ ತಿರುವುಗಳನ್ನು ಕಣ್ಣಾರೆ ನೋಡಿದ ಮೇಲೆ ಹಗ್ಗ ಹಿಡಿದ ಕೈ ಎಷ್ಟು ನೊಂದಿರಬೇಕು ಅನ್ನಿಸಿತು.

ಮೊಲ್ಲೆಂ ಹತ್ತಿರ ಎಡಗಡೆ ಹಿಂದಿನ ಗಾಲಿ ಪಂಕ್ಚರ್. ಬಿಸಿಲು ಏರಿತ್ತು. ಸ್ವಲ್ಪ ಮುಂದೆ ತಗಡಿನ ಶೆಡ್ಡಿನಲ್ಲಿ ಪಂಕ್ಚರ್ ಅಂಗಡಿ ಕಾಣಿಸಿತು. ಅಪ್ಪ ಹಿಂದಿಯಲ್ಲಿ ಶುರು ಮಾಡಿದರು. ಹುಡುಗ ನಮ್ಮ ಗಾಡಿ ನಂಬರು ನೋಡಿ, "ಕನ್ನಡದಾಗ ಮಾತಾಡ್ರಿ ಕಾಕಾರ, ನಮ್ದು ಹುನಗುಂದ" ಅಂದ. ಗೋವಾದ ತುಂಬ ನಮ್ಮವರೇ ಅಲ್ವಾ! ಕಟ್ಟಡ ಕೆಲಸದಿಂದ ಮೀನಿನ ಧಕ್ಕೆಯವರೆಗೆ. ಯಾಕೆ ಬಂದಿರಿ ಅಂತ ಕೇಳಿದ, ಅಪ್ಪ ಹೇಳಿದರು. ಅವನು ಟ್ಯೂಬು ನೀರಲ್ಲಿ ಅದ್ದುತ್ತಾ ಎಲ್ಲ ಕೇಳಿಸಿಕೊಂಡ. ಆಮೇಲೆ ಅವನ ಪ್ರಶ್ನೆ ಒಂದೇ: "ಅಜ್ಜಾರು ಅಷ್ಟ್ ದುಡದು ಊರಾಗ ಮನೀ ಕಟ್ಟಿಸಿದ್ರನ್ರಿ?" ಕಟ್ಟಿಸಿದರು ಅಂದಾಗ ಅವನಿಗೆ ಸಮಾಧಾನ ಆಯಿತು.

ರಾತ್ರಿ ಫೋಂಡಾದಲ್ಲಿ ಅಪ್ಪನ ಚಿಕ್ಕಪ್ಪನ ಮಗನ ಮನೆ. ಕಾಕೂ ಜೋಳದ ರೊಟ್ಟಿ ಜೊತೆ ಬಂಗಡೆ ಹುರಿದಿದ್ದರು, ನಮಗೆ ಬದನೆಕಾಯಿ ಪಲ್ಯ. ರೊಟ್ಟಿ ಬಡಿಯೋ ಸದ್ದು ಕೇಳುತ್ತಾ ನಾನು ಅಲ್ಲೇ ಕಟ್ಟೆ ಮೇಲೆ ನಿದ್ದೆ ಹೋದೆ.

ಎರಡನೇ ದಿನ: ಬೋರಿ, ದಿವಾಡಿ, ಪಣಜಿ

ಅವತ್ತು ಡಿಸೆಂಬರ್ 19, ಗೋವಾ ವಿಮೋಚನೆಯ ದಿನ. ಆಫೀಸು, ಶಾಲೆಗಳಿಗೆ ರಜೆ, ರಸ್ತೆ ಖಾಲಿ. ಬೆಳಿಗ್ಗೆ ಸಣ್ಣ ಹೋಟೆಲಿನಲ್ಲಿ ಭಾಜಿ ಪಾವ್ ತಿಂದು ಬೋರಿಗೆ ಹೋದೆವು.

ಬೋರಿ ಅಂದರೆ ಜುವಾರಿ ನದಿಯ ದಂಡೆ. 1961ರಲ್ಲಿ ಹಿಂದೆ ಸರಿಯುತ್ತಾ ಪೋರ್ಚುಗೀಸರು ಒಂದೊಂದೇ ಸೇತುವೆ ಸ್ಫೋಟಿಸಿದರು. ಬೋರಿಯದ್ದೂ ಹೋಯಿತು, ಬಾಣಸ್ತಾರಿಯದ್ದೂ ಹೋಯಿತು. ನಮ್ಮ ಸೈನ್ಯವನ್ನು ನಿಜವಾಗಿ ತಡೆದು ನಿಲ್ಲಿಸಿದ್ದು ಗುಂಡಿಗಿಂತ ಜಾಸ್ತಿ ಈ ನದಿಗಳೇ. ಆಗ ಪಣಜಿ ಎದುರಿನ ಮಾಂಡೋವಿಗೂ ಸೇತುವೆ ಇರಲಿಲ್ಲ, ದೋಣಿಯೇ ಗತಿ. ಹಾಗಿರುವಾಗ ಬಡಗಿಗೆ ಎಷ್ಟು ಕೆಲಸ ಇದ್ದಿರಬೇಕು, ಯೋಚಿಸಿ. ಅಜ್ಜನ ಪುಸ್ತಕದಲ್ಲಿ ಬೋರಿ ಅಂತ ಬರೆದು ಮುಂದೆ "ಹಲಗಿ 2 ಇಂಚು, ಬೈರಿಗಿ ಎರವಲು" ಅಂತ ಇದೆ. ಅವರ ಬೈರಿಗೆ ಮುರಿದುಹೋಗಿತ್ತಂತೆ. ಊರಿನ ಒಬ್ಬ ಬಡಗಿ ಮನೆಯಿಂದ ತನ್ನದನ್ನು ತಂದುಕೊಟ್ಟನಂತೆ. ಇವರಿಗೆ ಕೊಂಕಣಿ ಬಾರದು, ಅವನಿಗೆ ಕನ್ನಡ ಬಾರದು. ಇಬ್ಬರೂ ಸೇರಿ ಹಲಗೆಗೆ ತೂತು ಕೊರೆದರು. ಕೆಲಸ ಮುಗಿದ ಮೇಲೆ ಅಜ್ಜ ಬೈರಿಗೆಗೆ ಎಣ್ಣೆ ಹಚ್ಚಿ ವಾಪಸ್ ಕೊಟ್ಟರು. ಈ ಕಥೆ ಹೇಳುವಾಗ ಎಣ್ಣೆ ಹಚ್ಚಿದ್ದನ್ನು ಅವರು ಯಾವತ್ತೂ ಬಿಡುತ್ತಿರಲಿಲ್ಲ.

ಈಗಿರುವ ಸೇತುವೆ ಆಮೇಲೆ ಕಟ್ಟಿದ್ದು. ಅದರ ಮೇಲೆ ಗಾಡಿ ನಿಲ್ಲಿಸಲು ಜಾಗ ಇಲ್ಲ. ಮೊದಲೇ ಪಕ್ಕದ ಒಳರಸ್ತೆಗೆ ಇಳಿದು ನೀರಿನ ಹತ್ತಿರ ಹೋಗಬೇಕು. ದಂಡೆಯಲ್ಲಿ ಬಲೆ ಬಿಡಿಸುತ್ತಿದ್ದ ಮುದುಕರೊಬ್ಬರು ನಮ್ಮ ಜೊತೆ ಬಂದಿದ್ದ ಫೋಂಡಾದ ಕಾಕಾನ ಜೊತೆ ಕೊಂಕಣಿಯಲ್ಲಿ ಮಾತಿಗೆ ಕೂತರು. ಆಗ ಅವರು ಚಿಕ್ಕ ಹುಡುಗ. ಸ್ಫೋಟದ ಸದ್ದಿಗೆ ಮನೆಯ ಹೆಂಚು ಅಲುಗಿದ್ದು, ಅವರಮ್ಮ ಎಲ್ಲರನ್ನೂ ಮಂಚದ ಕೆಳಗೆ ತಳ್ಳಿದ್ದು ನೆನಪಿದೆ ಅಂದರು. ಸೈನಿಕರು ಬಂದ ಮೇಲೆ? ಅವರಲ್ಲೊಬ್ಬ ಬೆಲ್ಲದ ಚೂರು ಕೊಟ್ಟ ಅಂದರು. ಅಪ್ಪ ನನ್ನ ಮುಖ ನೋಡಿದರು. ಅಜ್ಜನ ಜೇಬಿನಲ್ಲಿ ಯಾವತ್ತೂ ಬೆಲ್ಲ ಇರುತ್ತಿತ್ತು. ಅವರೇ ಇರಬೇಕು ಅಂತ ನಾನು ಹೇಳುವುದಿಲ್ಲ, ಬೆಲ್ಲ ಇಟ್ಟುಕೊಂಡ ಸೈನಿಕರು ಎಷ್ಟೋ ಜನ. ಆದರೂ ಅಪ್ಪನ ಕಣ್ಣು ತುಂಬಿತು, ಅವ್ವ ನೀರಿನ ಬಾಟಲಿ ಕೊಟ್ಟರು.

ಮಧ್ಯಾಹ್ನ ಹಳೆ ಗೋವಾದಿಂದ ದಿವಾಡಿ ದ್ವೀಪಕ್ಕೆ ಫೆರ್ರಿ ಹತ್ತಿದೆವು. ನಡೆದು ಹತ್ತುವವರಿಗೆ ಟಿಕೆಟ್ ಇಲ್ಲ. ನೋಡಲೇಬೇಕಾದ ಸ್ಥಳ ಅಂತ ಏನೂ ಅಲ್ಲ. ಸೇತುವೆ ಇಲ್ಲದ ಊರಿನ ಜನ ದಿನಾ ಹೇಗೆ ದಾಟುತ್ತಾರೆ ಅಂತ ನೋಡಬೇಕಿತ್ತು ಅಷ್ಟೇ. ಕಬ್ಬಿಣದ ಹಾಸಿನ ಮೇಲೆ ಸ್ಕೂಟರು, ಮೀನು ಬುಟ್ಟಿ, ಮಕ್ಕಳ ಸೈಕಲ್ಲು. ಅಪ್ಪ ಹಾಸಿನ ಬೆಸುಗೆ ನೋಡುತ್ತಾ ನಿಂತಿದ್ದರು. ಬಡಗಿಯ ಮಗ, ಸುಮ್ನೆ ಹೇಗೆ ನಿಲ್ಲುತ್ತಾರೆ?

ಪಣಜಿಯ ಆಜಾದ್ ಮೈದಾನದ ಸ್ಮಾರಕಕ್ಕೆ ಹೂ ಹಾಕಿದ್ದರು. 451 ವರ್ಷದ ಆಳ್ವಿಕೆ 1961ರ ಡಿಸೆಂಬರ್ 19ರ ರಾತ್ರಿ ಮುಗಿಯಿತು, ಪೋರ್ಚುಗೀಸ್ ಗವರ್ನರ್ ಜನರಲ್ ವಸ್ಸಾಲೊ ಇ ಸಿಲ್ವ ಶರಣಾದರು. ಅಜ್ಜ ಆ ರಾತ್ರಿ ಪಣಜಿಯಲ್ಲಿ ಇರಲೇ ಇಲ್ಲ. ಅವರಿನ್ನೂ ಬೋರಿಯಲ್ಲಿ ಹಲಗೆ ಬಡಿಯುತ್ತಿದ್ದರು. ಸುದ್ದಿ ಅವರಿಗೆ ಗೊತ್ತಾಗಿದ್ದು ಮರುದಿನ, ಚಹಾ ತಂದುಕೊಟ್ಟವನಿಂದ.

ಮೂರನೇ ದಿನ: ಅಂಬೋಲಿ, ಕೊಲ್ಹಾಪುರ, ಪುಣೆ

ದಿನವಿಡೀ ರಸ್ತೆ. ಸಾವಂತವಾಡಿ ದಾಟಿ ಅಂಬೋಲಿ ಘಟ್ಟ ಹತ್ತಿದೆವು. ಮೇಲೆ ಚಳಿ, ಕೆಳಗೆ ಕೊಂಕಣ ಪೂರ್ತಿ ಮಂಜಿನೊಳಗೆ. ಆಜ್ರಾದಿಂದ ಮುಂದೆ ಕಬ್ಬಿನ ಸೀಮೆ. ಕಾರ್ಖಾನೆಗಳು ಕಬ್ಬು ಅರೆಯೋ ಕಾಲ, ಹಿಂದೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಸಾಲಾಗಿ ಹೋಗುತ್ತಿದ್ದವು. ಕತ್ತಲಾದರೆ ಹಿಂದಿನ ಟ್ರೇಲರ್‌ಗೆ ದೀಪ ಇರುವುದಿಲ್ಲ, ಆ ಭಾಗ ಬೆಳಕಿರುವಾಗಲೇ ದಾಟಿಕೊಳ್ಳಿ. ಒಂದು ಗುರ್ಹಾಳದಲ್ಲಿ, ಅಂದರೆ ಆಲೆಮನೆಯಲ್ಲಿ, ಬಿಸಿ ಬೆಲ್ಲದ ಪಾಕ ಎಲೆಯ ಮೇಲೆ ಹಾಕಿಕೊಟ್ಟರು. ಅವ್ವ ಎರಡು ಪೆಂಟೆ ಬೆಲ್ಲ ಕಟ್ಟಿಸಿಕೊಂಡರು. ಕೊಲ್ಹಾಪುರದ ಮಿಸಳ್ ಕಣ್ಣಲ್ಲಿ ನೀರು ತರಿಸಿತು. ಖಂಬಾಟಕಿ ಘಾಟಿನಲ್ಲಿ ಒಂದು ಗಂಟೆ ಟ್ರಾಫಿಕ್. ಪುಣೆ ಮುಟ್ಟಿದಾಗ ರಾತ್ರಿ ಹತ್ತು. ಬೋಪೋಡಿಯ ದೊಡ್ಡ ಅತ್ತೆ ಇನ್ನೂ ಉಂಡಿರಲಿಲ್ಲ, ನಮಗಾಗಿ ಕಾದಿದ್ದರು.

ನಾಲ್ಕನೇ ದಿನ: ಖಡಕಿ, ಗೋಖಲೆನಗರ

ಪುಣೆಯ ಡಿಸೆಂಬರ್ ಬೆಳಗು ಧಾರವಾಡಕ್ಕಿಂತ ಚಳಿ, ಸ್ವೆಟರ್ ಬೇಕೇ ಬೇಕು. ಅತ್ತೆ ಮನೆಯ ನಡುಮನೆಯಲ್ಲಿ ಅಜ್ಜ ಮಾಡಿದ ತೊಟ್ಟಿಲು ಇದೆ. ಅತ್ತೆ, ಅಪ್ಪ, ಕಾಕಾ, ಆಮೇಲೆ ನಾವು ಮೊಮ್ಮಕ್ಕಳು, ಈಗ ಅತ್ತೆಯ ಮೊಮ್ಮಗಳು, ಎಲ್ಲರೂ ಮಲಗಿದ್ದು ಅದರಲ್ಲೇ. ಒಂದೂ ಮೊಳೆ ಇಲ್ಲ, ಎಲ್ಲ ಕೂಡುಗಚ್ಚು ಮತ್ತು ಬೆಣೆ. ರಜೆಗೆ ಬಂದಾಗ ಹತ್ತು ದಿನ ಕೂತು ಮಾಡಿದ್ದಂತೆ. ಉಳಿದ ರಜೆಯಲ್ಲಿ ಅಜ್ಜಿಗೆ ರೊಟ್ಟಿ ಬಡಿಯಲು ಕೊಣಮಿಗೆ ಮಾಡಿಕೊಟ್ಟರು.

ಅತ್ತೆ ಮಾತಿಗೆ ಕೂತರೆ ಮುಗಿಯುವುದಿಲ್ಲ. ಸೈನ್ಯದಿಂದ ಪ್ರತಿ ತಿಂಗಳು ಮನಿ ಆರ್ಡರ್ ಬರುತ್ತಿತ್ತು, 1965ರಲ್ಲೂ, 1971ರಲ್ಲೂ ತಪ್ಪಲಿಲ್ಲ. ಪಿಂಚಣಿ ಬಂದ ಮೇಲೆ 1975ರಲ್ಲಿ ಬೋಪೋಡಿಯಲ್ಲಿ ಅಂಗಡಿ ಇಟ್ಟರು. ಸಂಜೆ ಅಂಗಡಿ ಗುಡಿಸಿ ಮಕ್ಕಳನ್ನು ಕೂರಿಸಿಕೊಂಡು ಪ್ಲೈವುಡ್ ತುಂಡಿನ ಮೇಲೆ ಬಡಗಿ ಪೆನ್ಸಿಲಿನಲ್ಲಿ ಅ ಆ ಇ ಈ ಬರೆಸುತ್ತಿದ್ದರು. ಶಾಲೆಯಲ್ಲಿ ಮರಾಠಿ, ಅಂಗಡಿಯಲ್ಲಿ ಕನ್ನಡ. ಭಾನುವಾರ ಖಡಕಿಯ ಒಂಟಿ ಹುಡುಗರು, ಬಿಜಾಪುರ, ಬೆಳಗಾವಿ ಕಡೆಯ ಜವಾನರು, ಊಟಕ್ಕೆ ಬರುತ್ತಿದ್ದರು. ಅಜ್ಜಿ ಅವರಿಗೆಲ್ಲ ರೊಟ್ಟಿ ಬಡಿಯುತ್ತಿದ್ದಳು, ಅಜ್ಜ ಪಾತ್ರೆ ತೊಳೆಯುತ್ತಿದ್ದರು. ಆ ಕಾಲದಲ್ಲಿ ಗಂಡಸು ಪಾತ್ರೆ ತೊಳೆದರೆ ಓಣಿಯವರು ಆಡಿಕೊಳ್ಳುತ್ತಿದ್ದರಂತೆ. ಅಜ್ಜ ತಲೆ ಕೆಡಿಸಿಕೊಳ್ಳಲಿಲ್ಲ. ಕೊನೆಗೆ ಅಜ್ಜಿ ಹಾಸಿಗೆ ಹಿಡಿದಾಗ ಗಂಜಿ ಮಾಡಿ ಉಣಿಸಿದ್ದೂ ಅವರೇ.

ಖಡಕಿಯಲ್ಲಿ ಬಾಂಬೆ ಸ್ಯಾಪರ್ಸ್ ಕೇಂದ್ರದ ಒಳಗೆ ನಮ್ಮಂಥವರಿಗೆ ಸುಮ್ನೆ ಪ್ರವೇಶ ಇಲ್ಲ, ಫೋಟೋ ಕೂಡ ತೆಗೆಯಬಾರದು. ಹೊರಗಿನ ರಸ್ತೆಯಲ್ಲೇ ನಡೆದೆವು. ಹತ್ತಿರದ ಖಡಕಿ ಯುದ್ಧ ಸ್ಮಶಾನ ಮಾತ್ರ ಎಲ್ಲರಿಗೂ ತೆರೆದಿದೆ. ಎರಡನೇ ಮಹಾಯುದ್ಧದಲ್ಲಿ ಸತ್ತ 1,600ಕ್ಕೂ ಹೆಚ್ಚು ಜನರ ಸಮಾಧಿ ಅಲ್ಲಿವೆ. ಸಾಲು ಸಾಲು ಬಿಳಿ ಕಲ್ಲು, ಹುಲ್ಲು ನೀಟಾಗಿ ಕತ್ತರಿಸಿದ್ದಾರೆ. ಕಲ್ಲಿನ ಮೇಲೆ ವಯಸ್ಸು ಬರೆದಿದೆ. ಇಪ್ಪತ್ತು, ಇಪ್ಪತ್ತೊಂದು, ಹತ್ತೊಂಬತ್ತು. ತೊಂಬತ್ತು ವರ್ಷ ಬದುಕಿದ ಸೈನಿಕನ ಮನೆಯವರು ನಾವು. ಆ ವಯಸ್ಸುಗಳನ್ನು ಓದುತ್ತಾ ಅವ್ವ ತುಂಬ ಹೊತ್ತು ಅಲ್ಲೇ ನಿಂತರು. ನಮಗೆ ಸಿಕ್ಕಿದ್ದು ಎಷ್ಟು ದೊಡ್ಡದು ಅಂತ ನನಗೂ ಅಲ್ಲೇ ಅರ್ಥವಾಯಿತು.

ಸಂಜೆ ಗೋಖಲೆನಗರ. 1961ರ ಜುಲೈ 12ರಂದು ಪಾನಶೇತ್ ಮತ್ತು ಖಡಕ್‌ವಾಸ್ಲಾ ಎರಡೂ ಅಣೆಕಟ್ಟು ಒಡೆದು ಪುಣೆಯ ಹಳೆ ಪೇಠೆಗಳು ಮುಳುಗಿದವು. ಮನೆ ಕಳೆದುಕೊಂಡವರಿಗೆ ಇಲ್ಲಿ ತಗಡಿನ ನಿಸೆನ್ ಗುಡಿಸಲು ಕಟ್ಟಿಕೊಟ್ಟರು. ಪೀಪಾಯಿಯನ್ನು ಉದ್ದಕ್ಕೆ ಸೀಳಿ ಬೋರಲು ಹಾಕಿದ ಹಾಗೆ ಇರುತ್ತಿದ್ದವಂತೆ. ಈಗ ಹೆಚ್ಚಿನವು ಮಹಡಿ ಮನೆಗಳಾಗಿವೆ. ಅಜ್ಜನ ಪುಸ್ತಕದಲ್ಲಿ ಈ ಬಡಾವಣೆಯ ಬಾಗಿಲುಗಳೇ ಹದಿನಾರು. ಎರಡು ಗಂಟೆ ಹುಡುಕಿದೆವು. ಮನೆ ಸಿಕ್ಕರೂ ಬಾಗಿಲು ಸಿಗುತ್ತಿರಲಿಲ್ಲ, ಎಲ್ಲ ಹೊಸ ಫ್ಲಶ್ ಡೋರು. ಕತ್ತಲಾಗುವ ಹೊತ್ತಿಗೆ ಒಂದು ಗಲ್ಲಿಯ ಕೊನೆಯಲ್ಲಿ ಅಪ್ಪ ನಿಂತುಬಿಟ್ಟರು. ಸಾಗವಾನಿ ಬಾಗಿಲು, ಮೂರು ಹಲಗೆ, ಚೌಕಟ್ಟಿನ ಮೂಲೆಯಲ್ಲಿ ಉಳಿಯಿಂದ ಕೆತ್ತಿದ ಚಿಕ್ಕ ಎಲೆ. ಅದು ಅಜ್ಜನ ಗುರುತು.

ಒಳಗಿದ್ದ ಅಜ್ಜಿಗೆ ಅತ್ತೆ ಮರಾಠಿಯಲ್ಲಿ ವಿಷಯ ಹೇಳಿದರು. "ಮಿಲಿಟ್ರಿ ಮಿಸ್ತ್ರಿಯ ಮಕ್ಕಳಾ? ಬನ್ನಿ ಬನ್ನಿ" ಅಂತ ಒಳಗೆ ಕರೆದರು. ಮಳೆಗಾಲದಲ್ಲಿ ಓಣಿಯ ಎಲ್ಲರ ಮನೆ ಬಾಗಿಲು ಉಬ್ಬಿ ಹಿಡಿದುಕೊಳ್ಳುತ್ತದೆ, ಇದೊಂದು ಹಿಡಿಯುವುದಿಲ್ಲ ಅಂದರು. ಅಪ್ಪನಿಗೆ ಕಾರಣ ಗೊತ್ತು. ಕಟ್ಟಿಗೆ ಎರಡು ಬೇಸಿಗೆ ಒಣಗಿದ ಮೇಲೆಯೇ ಅಜ್ಜ ಗರಗಸ ಹಚ್ಚುತ್ತಿದ್ದದ್ದು. ಬಾಗಿಲಿಗೂ ಚೌಕಟ್ಟಿಗೂ ನಡುವೆ ನಾಲ್ಕಾಣೆ ಬಿಲ್ಲೆ ಹೋಗುವಷ್ಟು ಸಂದು ಬಿಡುತ್ತಿದ್ದರು. ಅಪ್ಪ ಜೇಬಿನಿಂದ ಒಂದು ರೂಪಾಯಿ ತೆಗೆದು ಆ ಸಂದಿನಲ್ಲಿ ಉದ್ದಕ್ಕೂ ಆಡಿಸಿ ನೋಡಿದರು. ಎಲ್ಲೂ ತಡೆಯಲಿಲ್ಲ. ಐದು ಜನ ಒಂದು ಬಾಗಿಲಿನ ಮುಂದೆ ನಿಂತು ಅಷ್ಟು ಖುಷಿ ಪಟ್ಟಿದ್ದು ಆ ಗಲ್ಲಿಯಲ್ಲಿ ಅದೇ ಮೊದಲಿರಬೇಕು.

ಐದನೇ ದಿನ: ಪಾನಶೇತ್

ಸ್ವಾರ್‌ಗೇಟ್‌ನಿಂದ ಪಾನಶೇತ್‌ಗೆ ಸಿಟಿ ಬಸ್ಸೂ ಇದೆ, ನಾವು ಕಾರಿನಲ್ಲೇ ಹೋದೆವು. ಖಡಕ್‌ವಾಸ್ಲಾ ದಂಡೆಯಲ್ಲಿ ಭಾನುವಾರ ವಿಪರೀತ ಗದ್ದಲ. ವಾರದ ನಡುವಿನ ದಿನ, ಅದೂ ಬೆಳಿಗ್ಗೆ ಎಂಟರೊಳಗೆ ದಾಟಿದರೆ ರಸ್ತೆ ಆರಾಮ. ಮುಂದೆ ಪೂರ್ತಿ ನೀರಿನ ಪಕ್ಕದಲ್ಲೇ ದಾರಿ, ಆಚೆ ಸಿಂಹಗಡ.

ಪಾನಶೇತ್ ಅಂಬಿ ನದಿಯ ಮಣ್ಣಿನ ಅಣೆಕಟ್ಟು. 1961ರಲ್ಲಿ ಕೆಲಸ ಪೂರ್ತಿ ಮುಗಿಯುವ ಮೊದಲೇ ನೀರು ತುಂಬಿತ್ತು. ಮಳೆ ಜೋರಾಗಿ ಕಟ್ಟೆ ಕುಸಿಯಲು ಶುರುವಾದಾಗ ಸೈನ್ಯ ಕರೆಸಿದರು. ಜವಾನರು ರಾತ್ರಿಯಿಡೀ ಮಳೆಯಲ್ಲಿ ಮರಳು ಚೀಲ ಹೊತ್ತು ಕುಸಿದ ಕಡೆ ಪೇರಿಸಿದರು. ಕಟ್ಟೆ ಉಳಿಯಲಿಲ್ಲ. ಆದರೆ ಒಡೆದದ್ದು ಬೆಳಗಾದ ಮೇಲೆ. ಅದೇ ರಾತ್ರಿ ಒಡೆದಿದ್ದರೆ ಮಲಗಿದ್ದ ಊರಿನಲ್ಲಿ ಎಷ್ಟು ಜನ ಹೋಗುತ್ತಿದ್ದರೋ. ಅಜ್ಜ ಆ ಚೀಲ ಹೊತ್ತವರಲ್ಲಿ ಒಬ್ಬರು. ಬೋರಿಗೆ ಹೋಗುವ ಐದು ತಿಂಗಳ ಮೊದಲು.

ಇದರ ಬಗ್ಗೆ ಅವರು ಮಾತಾಡುತ್ತಿದ್ದದ್ದು ತುಂಬ ಕಡಿಮೆ. ಗೋವಾ ಕಥೆ ಕೇಳಿದರೆ ಹೇಳುತ್ತಿದ್ದರು, ಪಾನಶೇತ್ ಅಂದರೆ ಎದ್ದು ಹೋಗುತ್ತಿದ್ದರು. ಪುಸ್ತಕದಲ್ಲಿ ಪಾನಶೇತ್ ಅಂತ ಇದೆ, ಮುಂದೆ ಅಳತೆ ಇಲ್ಲ, ಖಾಲಿ. ನಮ್ಮ ಅಜ್ಜನಿಗೆ ಯುದ್ಧಕ್ಕಿಂತ ದೊಡ್ಡ ಗಾಯ ಇದೇ ಅಂತ ನನ್ನ ಲೆಕ್ಕ. ಕಟ್ಟುವವರ ಕೈಗೆ ಕಟ್ಟೆ ಉಳಿಸಲು ಆಗಲಿಲ್ಲವಲ್ಲ. ಆಮೇಲೆ ಪುಣೆ ಬಿಟ್ಟು ಹೋಗದೆ ಅಲ್ಲೇ ಅಂಗಡಿ ಇಟ್ಟರು. ನೆರೆ ಸಂತ್ರಸ್ತರ ಬಡಾವಣೆಗೆ ಹದಿನಾರು ಬಾಗಿಲು ಮಾಡಿದರು, ಕೆಲವಕ್ಕೆ ಕಟ್ಟಿಗೆಯ ದುಡ್ಡು ಮಾತ್ರ ತಗೊಂಡರು. ಯಾಕೆ ಅಂತ ಯಾರೂ ಕೇಳಲಿಲ್ಲ. ಅಪ್ಪನೂ ಕೇಳಲಿಲ್ಲ, ಈಗ ಕೇಳಬೇಕಿತ್ತು ಅನ್ನಿಸುತ್ತೆ ಅಂದರು.

ಆಮೇಲೆ ಮತ್ತೆ ಕಟ್ಟಿದ ಅಣೆಕಟ್ಟಿನ ಹಿಂದೆ ನೀರು ತುಂಬಿ ನಿಂತಿತ್ತು. ಗಾಳಿ ಜೋರಿತ್ತು. ಕೆಳಗೆ ಒಬ್ಬಾಕೆಯ ಚಪ್ಪರದಲ್ಲಿ ಪಿಠ್ಲ, ಭಾಕರಿ, ಹಸಿಮೆಣಸಿನ ಠೇಚಾ. ಅವ್ವ ಎರಡನೇ ಭಾಕರಿ ಹಾಕಿಸಿಕೊಂಡರು. ಆಕೆಯ ಮಾವನೂ ಆ ರಾತ್ರಿ ಸೈನಿಕರಿಗೆ ಕಂದೀಲು ಹಿಡಿದು ನಿಂತಿದ್ದರಂತೆ. ಊಟದ ದುಡ್ಡು ಪೂರ್ತಿ ತಗೊಳ್ಳಿ ಅಂತ ಅಪ್ಪ ಎಷ್ಟು ಒತ್ತಾಯ ಮಾಡಿದರೂ ಆಕೆ ಅರ್ಧವೇ ತಗೊಂಡದ್ದು.

ಕೊನೆಯ ದಿನ: ಬೋಪೋಡಿ

ಅಜ್ಜನ ಅಂಗಡಿ ಇದ್ದ ಜಾಗದಲ್ಲಿ ಈಗ ಮೊಬೈಲ್ ರಿಪೇರಿ. ಎರಡು ಗಲ್ಲಿ ಆಚೆ ಅವರ ಶಿಷ್ಯ ಸಿಕ್ಕರು. ಲಾತೂರ್ ಕಡೆಯವರು. 1972ರ ಬರಗಾಲದಲ್ಲಿ ತಂದೆ ತಾಯಿ ಜೊತೆ ಪುಣೆಗೆ ಬಂದವರು, ಹದಿಮೂರನೇ ವಯಸ್ಸಿಗೆ ಅಜ್ಜನ ಅಂಗಡಿಗೆ ಸೇರಿದರು. ಅಜ್ಜನಿಂದ ಕಲಿತ ಅವರ ಕನ್ನಡ ಅಪ್ಪಟ ಬೈಲಹೊಂಗಲದ್ದು. "ಅಣ್ಣಾ, ಕುಂದರ್ರಿ" ಅಂತ ಅಪ್ಪನಿಗೆ ಸ್ಟೂಲು ಕೊಟ್ಟರು. ಸುತ್ತ ಯಂತ್ರಗಳು, ಪ್ಲೈವುಡ್, ಲ್ಯಾಮಿನೇಟ್. ಮೊದಲ ವರ್ಷ ಅಜ್ಜ ಅವರಿಗೆ ಉಳಿ ಮುಟ್ಟಲು ಬಿಡಲಿಲ್ಲವಂತೆ. ಸಾಣೆ ಹಿಡಿಯುವುದು, ಗುಡಿಸುವುದು, ಗುಣ್ಯಾ ಇಟ್ಟು ಮೂಲೆ ನೋಡುವುದು ಇಷ್ಟೇ. ದಸರೆಗೆ ಆಯುಧಪೂಜೆಯ ದಿನ ಕೈಗೆ ಉಳಿ ಕೊಟ್ಟು, ಮೊದಲ ಪಗಾರವನ್ನು ಇವರ ತಾಯಿಯ ಕೈಯಲ್ಲೇ ಇಟ್ಟರಂತೆ.

ಧಾರವಾಡದಲ್ಲಿ ಅಜ್ಜನ ಸಾಮಾನು ಇನ್ನೂ ಪೆಟ್ಟಿಗೆಯಲ್ಲಿದೆ, ನಿಮಗೆ ಬೇಕಾ ಅಂತ ಅಪ್ಪ ಕೇಳಿದರು. ಅವರು ಸ್ವಲ್ಪ ಯೋಚಿಸಿದರು. "ದೊಡ್ಡ ಉಜ್ಜುಗೊರಡು ಕೊಡ್ರಿ, ಅದು ನನಗ ಬೇಕು. ಉಳಿದದ್ದು ಮೊಮ್ಮಕ್ಕಳಿಗೆ ಇರಲಿ." ವರ್ಷಾಂತ ಯಾವತ್ತು ಅಂತ ಕೇಳಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರು. ಮನೆಯಲ್ಲಿ ಎಲ್ಲ ಹೇಗಿದೆ ಅಂತ ಕೇಳುತ್ತಾ ಹೋದಾಗ ಅಡುಗೆಮನೆ ಬಾಗಿಲು ಜೋತು ನೆಲಕ್ಕೆ ಉಜ್ಜುತ್ತದೆ ಅಂತ ಅವ್ವ ಅಂದರು.

"ಹಂಗಾರ ನಾ ಎರಡು ದಿನಾ ಮೊದಲ ಬರ್ತೀನಿ ವೈನಿ" ಅಂದರು ಅವರು. "ಬಿಜಾಗರಿ ನಾನ ತರ್ತೀನಿ. ನೀವು ಕೊಳ್ಳಾಕ ಹೋಗಬ್ಯಾಡ್ರಿ."